ಲೈನ್‌ಮ್ಯಾನ್, ಫಿಶ್‌ವೈಫ್, ಹೌಸ್‌ವೈಫ್: ಇಂಗ್ಲಿಷ್ ಪದಗಳು ಯಾರನ್ನು ಎಣಿಸುತ್ತವೆ, ಯಾರನ್ನು ಬಿಡುತ್ತವೆ

ಉಡುಪಿಯಲ್ಲಿ ಅಧ್ಯಾಪಕರು, ಕಚೇರಿ ಸಿಬ್ಬಂದಿ ಮತ್ತು ಪತ್ರಕರ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಮಲ್ಪೆ ಬಂದರಿನ ಒಂದು ದಿನದ ಕೆಲಸವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೋಟಿನಲ್ಲಿ ಕಡಲಿಗೆ ಇಳಿಯುವವರು, ಬಲೆ ಬೀಸಿ ಎಳೆಯುವವರು ಹೆಚ್ಚಾಗಿ ಗಂಡಸರು. ಬೋಟು ದಕ್ಕೆಗೆ ತಾಗಿದ ಮೇಲಿನ ಕೆಲಸ ನೋಡಿ: ಮೀನು ವಿಂಗಡಿಸುವುದು, ಏಲಂನಲ್ಲಿ ಕೂಗಿ ಕೊಳ್ಳುವುದು, ಐಸ್ ಹಾಕಿ ಬುಟ್ಟಿ ತುಂಬುವುದು, ಮಾರ್ಕೆಟಿಗೋ ಮನೆಮನೆಗೋ ಹೊತ್ತು ಮಾರುವುದು, ಉಳಿದದ್ದಕ್ಕೆ ಉಪ್ಪು ಹಾಕಿ ಒಣಗಿಸುವುದು. ಇದರಲ್ಲಿ ಬಹುಪಾಲು ಹೆಂಗಸರ ಕೈಯಲ್ಲಿದೆ. ಇಂಗ್ಲಿಷ್ ಪತ್ರಿಕೆಯ ವರದಿ ಮಾತ್ರ ಇಡೀ ಕಸುಬಿಗೆ ‘ಫಿಶರ್‌ಮೆನ್’ ಎಂದು ಒಂದೇ ಹೆಸರು ಹಾಕುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಬರುವ ಸುದ್ದಿಯಲ್ಲಿ ದುಡಿಮೆ ಕಳೆದುಕೊಂಡವರು ‘ಫಿಶರ್‌ಮೆನ್’. ಬುಟ್ಟಿ ಖಾಲಿ ಇಟ್ಟುಕೊಂಡು ಕೂತ ಮೀನುಗಾರ್ತಿ ಆ ವಾಕ್ಯದೊಳಗೆ ಬರುವುದೇ ಇಲ್ಲ. ಓದಿದವರ ಮನಸ್ಸಿನಲ್ಲಿ ಪರಿಹಾರದ ಪಟ್ಟಿಯೂ ಗಂಡಸರ ಪಟ್ಟಿಯೇ ಆಗುತ್ತದೆ.

ಮೀನು ಮಾರುವ ಹೆಂಗಸಿಗೆ ಇಂಗ್ಲಿಷಿನಲ್ಲಿ ಒಂದು ಪದ ಇದೆ: ‘ಫಿಶ್‌ವೈಫ್’. ಇಲ್ಲಿ ‘ವೈಫ್’ ಎಂದರೆ ಹೆಂಡತಿ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹೆಂಗಸು ಎಂದಷ್ಟೇ ಅರ್ಥ. ಇಂದಿನ ನಿಘಂಟು ತೆರೆದರೆ ‘ಫಿಶ್‌ವೈಫ್’ ಎಂಬುದಕ್ಕೆ ಒರಟು ಬಾಯಿಯ, ಗಟ್ಟಿ ಗಂಟಲಿನ ಹೆಂಗಸು ಎಂಬ ಅರ್ಥ ಸಿಗುತ್ತದೆ. ಮಾರುಕಟ್ಟೆಯ ಗದ್ದಲದಲ್ಲಿ ಕೂಗಿ ಮಾರುವುದು ಆ ಕೆಲಸದ ಅಗತ್ಯ. ಅಗತ್ಯವಾದ ಗಂಟಲೇ ಬೈಗುಳವಾಯಿತು. ಪಕ್ಕದಲ್ಲೇ ನಿಂತು ಅಷ್ಟೇ ಗಟ್ಟಿಯಾಗಿ ಕೂಗುವ ಗಂಡಸಿಗೆ ಅಂಥ ಪದ ಹುಟ್ಟಲಿಲ್ಲ. ಕನ್ನಡದಲ್ಲೂ ಇದೇ ನಡೆದಿದೆ. ‘ಬಜಾರಿ’ ಎಂಬ ಬೈಗುಳ ಬಂದದ್ದು ಬಜಾರಿನಿಂದ. ಬಜಾರಿನಲ್ಲಿ ದುಡಿಯುವ ಗಂಡಸಿಗೆ ಅದು ಅಂಟಲಿಲ್ಲ.

ಇದು ಒಂದೆರಡು ಪದಗಳ ಕತೆಯಲ್ಲ. ಇಂಗ್ಲಿಷಿನ ಜೋಡಿ ಪದಗಳನ್ನು ಅಕ್ಕಪಕ್ಕ ಇಟ್ಟರೆ ಇಳಿಜಾರು ಒಂದೇ ಕಡೆಗೆ ಇರುವುದು ಕಾಣುತ್ತದೆ. ‘ಮಾಸ್ಟರ್’ ಇಂದಿಗೂ ಒಡೆಯ, ನಿಪುಣ. ಅದರ ಜೋಡಿ ‘ಮಿಸ್ಟ್ರೆಸ್’ ಮನೆಯೊಡತಿಯಾಗಿದ್ದದ್ದು ಜಾರಿ ವಿವಾಹದಾಚೆಯ ಸಂಬಂಧದ ಹೆಣ್ಣಾಯಿತು. ‘ಗವರ್ನರ್’ ರಾಜ್ಯ ಆಳುತ್ತಾರೆ, ‘ಗವರ್ನೆಸ್’ ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತಾಳೆ. ‘ಕೋರ್ಟಿಯರ್’ ಆಸ್ಥಾನಿಕ, ‘ಕೋರ್ಟಿಸಾನ್’ ವೇಶ್ಯೆ. ‘ಹೌಸ್‌ವೈಫ್’ ಎಂಬ ಪದವೇ ಸವೆದು ‘ಹಸ್ಸಿ’ ಆಗಿ ನಡತೆಗೆಟ್ಟವಳು ಎಂಬ ಬೈಗುಳವಾಯಿತು. ಅಕ್ಕತಂಗಿಯನ್ನು ಸೂಚಿಸುವ ‘ಸಿಸ್ಟರ್’ ಪದದಿಂದ ಅಂಜುಬುರುಕ ಹುಡುಗನನ್ನು ಹೀಯಾಳಿಸುವ ‘ಸಿಸ್ಸಿ’ ಹುಟ್ಟಿತು. ‘ಸ್ಪಿನ್‌ಸ್ಟರ್’ ಎಂದರೆ ಮೊದಲು ನೂಲು ತೆಗೆಯುವವಳು. ಸ್ವಂತ ದುಡಿಮೆ ಇದ್ದವಳು. ಅದು ಮದುವೆಯಾಗದವಳು ಎಂದಾಗಿ, ಆಮೇಲೆ ಮದುವೆಯ ವಯಸ್ಸು ಮೀರಿ ಉಳಿದವಳು ಎಂಬ ಕರುಣೆಯ ಪದವಾಯಿತು. ‘ಬ್ಯಾಚುಲರ್’ ಅಷ್ಟೇ ಕಾಲ ಬದುಕಿಯೂ ಅಂಥ ಬಣ್ಣ ಪಡೆಯಲಿಲ್ಲ. ಬ್ರಿಟನ್ನಿನ ಮದುವೆ ದಾಖಲೆಗಳಿಂದ ಈ ಎರಡೂ ಪದಗಳನ್ನು ತೆಗೆದು ‘ಸಿಂಗಲ್’ ಎಂದು ಬರೆಯತೊಡಗಿದ್ದು 2005ರ ಡಿಸೆಂಬರಿನಲ್ಲಿ.

1975ರಲ್ಲಿ ಮ್ಯೂರಿಯಲ್ ಶುಲ್ಜ್ ಎಂಬ ವಿದ್ವಾಂಸೆ ಈ ಇಳಿಜಾರನ್ನು ದಾಖಲಿಸಿ ತೋರಿಸಿದರು: ಹೆಣ್ಣನ್ನು ಸೂಚಿಸುವ ಪದ ಮೊದಲು ತಟಸ್ಥವಾಗಿರುತ್ತದೆ, ಕಾಲಕ್ರಮದಲ್ಲಿ ಕೀಳಾಗುತ್ತದೆ, ಹಲವು ಬಾರಿ ಲೈಂಗಿಕ ಬೈಗುಳವಾಗಿ ನಿಲ್ಲುತ್ತದೆ. ಪದ ತಾನಾಗಿ ಕೆಡುವುದಿಲ್ಲ. ಆಡುವವರ ತಾತ್ಸಾರ ಅದರೊಳಗೆ ತಲೆಮಾರುಗಟ್ಟಲೆ ಸೇರಿಕೊಂಡಿರುತ್ತದೆ. ಮುಂದಿನ ತಲೆಮಾರಿನ ಮಗು ಪದ ಕಲಿಯುವಾಗ ಆ ತಾತ್ಸಾರವನ್ನೂ ಅದರ ಜತೆಗೇ ಕಲಿಯುತ್ತದೆ.

‘ಮ್ಯಾನ್’ ಎಂದರೆ ಎಲ್ಲರೂ ಎಂಬ ಮಾತು

ಅಧ್ಯಾಪಕರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಮ್ಯಾನ್’ ಎಂದರೆ ಮನುಷ್ಯ, ಅದರಲ್ಲಿ ಹೆಣ್ಣೂ ಸೇರಿದ್ದಾಳೆ, ಇದರಲ್ಲಿ ತಕರಾರು ಏನು? ಈ ಮಾತನ್ನು ತಳ್ಳಿಹಾಕದೆ ಪರೀಕ್ಷಿಸಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೆ ಅದು ನಿಜವೂ ಹೌದು. ಆಗ ‘ಮನ್’ ಎಂದರೆ ಮನುಷ್ಯ. ಗಂಡಸಿಗೆ ‘ವೆರ್’, ಹೆಂಗಸಿಗೆ ‘ವೀಫ್’ ಎಂಬ ಬೇರೆ ಪದಗಳಿದ್ದವು. ‘ವೀಫ್’ ಮತ್ತು ‘ಮನ್’ ಕೂಡಿ ಇಂದಿನ ‘ವುಮನ್’ ಆಯಿತು. ‘ವೆರ್’ ಬಳಕೆ ತಪ್ಪಿತು. ತೋಳಮನುಷ್ಯನ ಹೆಸರಾದ ‘ವೇರ್‌ವುಲ್ಫ್’ ಥರದ ಕೆಲವು ಪದಗಳ ಒಳಗೆ ಮಾತ್ರ ಉಳಿದಿದೆ. ಅದರ ಜಾಗವನ್ನು ‘ಮ್ಯಾನ್’ ತುಂಬಿತು. ಅಲ್ಲಿಂದ ಒಂದೇ ಪದಕ್ಕೆ ಗಂಡಸು, ಮನುಷ್ಯ ಎಂಬ ಎರಡು ಅರ್ಥ. ಯಾವ ವಾಕ್ಯದಲ್ಲಿ ಯಾವ ಅರ್ಥ ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತೋ, ಪದದ ವ್ಯಾಪ್ತಿ ಅವರ ಕೈಯಲ್ಲೇ ಇತ್ತು.

ಇದು ಕೋರ್ಟಿನಲ್ಲೇ ಸಾಬೀತಾಗಿದೆ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಕಾನೂನುಗಳಲ್ಲಿ ಪುಲ್ಲಿಂಗದ ಪದ ಬಂದರೆ ಅದರಲ್ಲಿ ಹೆಂಗಸರೂ ಸೇರಿದ್ದಾರೆಂದು ತಿಳಿಯಬೇಕು ಎಂದಿತು. 1867ರ ಮತದಾನ ಕಾಯ್ದೆಯಲ್ಲಿ ‘ಎವರಿ ಮ್ಯಾನ್’ ಎಂದಿತ್ತು. ಹಾಗಾದರೆ ನಮಗೂ ಮತ ಉಂಟು ಎಂದು ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು ಹೆಸರು ನೋಂದಾಯಿಸಲು ಹೊರಟರು. 1868ರಲ್ಲಿ ಚೋರ್ಲ್‌ಟನ್ ವಿರುದ್ಧ ಲಿಂಗ್ಸ್ ಮೊಕದ್ದಮೆಯಲ್ಲಿ ಕೋರ್ಟು, ಇಲ್ಲಿನ ‘ಮ್ಯಾನ್’ ಒಳಗೆ ಹೆಂಗಸರು ಇಲ್ಲ ಎಂದು ತೀರ್ಪು ಕೊಟ್ಟಿತು. ತೆರಿಗೆ ಕೊಡಬೇಕಾದಾಗ, ಶಿಕ್ಷೆ ಅನುಭವಿಸಬೇಕಾದಾಗ ಒಳಗಿದ್ದವರು ಹಕ್ಕು ಕೇಳಿದಾಗ ಹೊರಗಾದರು.

ನಮ್ಮ ದೇಶದಲ್ಲೂ ಇದು ಹಾಗೆಯೇ ನಡೆಯಿತು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಸೆಕ್ಷನ್ ಪುಲ್ಲಿಂಗದಲ್ಲಿ ಸ್ತ್ರೀಲಿಂಗವನ್ನು ಸೇರಿಸುತ್ತದೆ. ಆದರೂ 1916ರಲ್ಲಿ ಕಾನೂನು ಪದವೀಧರೆ ರೆಜಿನಾ ಗುಹಾ ವಕೀಲಿಕೆಗೆ ಹೆಸರು ನೋಂದಾಯಿಸಲು ಹೋದಾಗ ಕಲ್ಕತ್ತಾ ಹೈಕೋರ್ಟು ಒಪ್ಪಲಿಲ್ಲ. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ. ಕೊನೆಗೆ 1923ರಲ್ಲಿ ಹೆಂಗಸರ ಹೆಸರೆತ್ತಿಯೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಪುಲ್ಲಿಂಗದ ಪದ ಎಲ್ಲರನ್ನೂ ಒಳಗೊಳ್ಳುತ್ತದೆ ಎಂಬ ಭರವಸೆ ನಿಜವಾಗಿದ್ದರೆ ಆ ಕಾಯ್ದೆಯ ಅಗತ್ಯವೇ ಇರುತ್ತಿರಲಿಲ್ಲ. ಇಂದಿನ ಭಾರತೀಯ ನ್ಯಾಯ ಸಂಹಿತೆ ಕೂಡ ‘ಹೀ’ ಎಂಬ ಸರ್ವನಾಮವನ್ನೇ ಉಳಿಸಿಕೊಂಡಿದೆ. ಆ ಸರ್ವನಾಮ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಲ್ಲರಿಗೂ ಅನ್ವಯ ಎಂದು ವಿವರಣೆ ಸೇರಿಸಿದೆ. ವಿವರಣೆ ವಿಸ್ತಾರವಾದದ್ದು ಒಳ್ಳೆಯದೇ. ಪದ ಮಾತ್ರ 1860ರ ಹಳೆಯ ದಂಡ ಸಂಹಿತೆಯದ್ದೇ.

ಕೋರ್ಟಿನ ಮಾತು ಹಾಗಿರಲಿ, ಓದುಗರ ಮನಸ್ಸು ಏನು ಮಾಡುತ್ತದೆ? 1978ರಲ್ಲಿ ಅಮೆರಿಕದ ಸಂಶೋಧಕರಾದ ಮೌಲ್ಟನ್, ರಾಬಿನ್‌ಸನ್ ಮತ್ತು ಇಲಿಯಾಸ್ ವಿದ್ಯಾರ್ಥಿಗಳಿಗೆ ಒಂದು ವಾಕ್ಯ ಕೊಟ್ಟು ಕತೆ ಬರೆಸಿದರು. ವಾಕ್ಯದಲ್ಲಿ ಬದಲಾದದ್ದು ಒಂದು ಸರ್ವನಾಮ ಮಾತ್ರ. ‘ಹಿಸ್’ ಎಂದಿದ್ದಾಗ ಹೆಣ್ಣು ಪಾತ್ರದ ಕತೆ ಬಂದದ್ದು ಶೇ. 35. ‘ದೇರ್’ ಎಂದಾಗ ಶೇ. 46. ‘ಹಿಸ್ ಆರ್ ಹರ್’ ಎಂದಾಗ ಶೇ. 56. ಬರೆದವರು ಎಲ್ಲರನ್ನೂ ಉದ್ದೇಶಿಸಿಯೇ ‘ಹಿಸ್’ ಹಾಕಿರಬಹುದು. ಓದಿದವರ ತಲೆಯಲ್ಲಿ ಮೂಡಿದ್ದು ಮಾತ್ರ ಹೆಚ್ಚಾಗಿ ಹುಡುಗನ ಚಿತ್ರ.

ಹುದ್ದೆಯ ಹೆಸರು ಅರ್ಜಿಯನ್ನೂ ತಡೆಯುತ್ತದೆ

ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಯೋಗ 1973ರದು. ಸಾಂಡ್ರಾ ಬೆಮ್ ಮತ್ತು ಡ್ಯಾರಿಲ್ ಬೆಮ್ ಟೆಲಿಫೋನ್ ಕಂಪೆನಿಯ ಕೆಲಸದ ಜಾಹೀರಾತುಗಳನ್ನು ತೆಗೆದುಕೊಂಡು ಹೈಸ್ಕೂಲಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ತೋರಿಸಿದರು. ಜಾಹೀರಾತಿಗೆ ಮೂರು ರೂಪ. ಒಂದರಲ್ಲಿ ‘ಲೈನ್‌ಮ್ಯಾನ್’, ವಾಕ್ಯಗಳೆಲ್ಲ ಗಂಡಸರನ್ನು ಉದ್ದೇಶಿಸಿದ್ದು. ಎರಡನೆಯದರಲ್ಲಿ ಯಾವ ಲಿಂಗವೂ ಇಲ್ಲ. ಮೂರನೆಯದರಲ್ಲಿ ‘ಲೈನ್‌ವುಮನ್’. ಕೆಲಸ ಅದೇ, ಕಂಬ ಅದೇ. ಮೊದಲನೆಯದಕ್ಕೆ ಆಸಕ್ತಿ ತೋರಿದ ಹುಡುಗಿಯರು ಶೇ. 5. ಎರಡನೆಯದಕ್ಕೆ ಶೇ. 25. ಮೂರನೆಯದಕ್ಕೆ ಶೇ. 45. ಹುಡುಗಿಯರಿಗೆ ಕಂಬ ಹತ್ತುವ ಕೆಲಸ ಬೇಡ ಎಂದು ನಾವು ಭಾವಿಸುವುದರಲ್ಲಿ ಎಷ್ಟು ಪಾಲು ಅವರ ಇಷ್ಟ, ಎಷ್ಟು ಪಾಲು ಜಾಹೀರಾತಿನ ಮಾತು ಎಂದು ಈ ಅಂಕಿಗಳ ಮುಂದೆ ನಿಂತು ಕೇಳಿಕೊಳ್ಳಬೇಕು.

ನಮ್ಮಲ್ಲಿ ವಿದ್ಯುತ್ ಕಂಪೆನಿಗಳ ‘ಲೈನ್‌ಮ್ಯಾನ್’ ಹುದ್ದೆ ಈಗ ‘ಪವರ್‌ಮ್ಯಾನ್’ ಆಗಿದೆ. ಹೆಸರು ಬದಲಿಸುವ ಅವಕಾಶ ಬಂದಾಗಲೂ ‘ಮ್ಯಾನ್’ ಉಳಿದುಕೊಂಡಿತು. ಬದಲಿಸುವುದು ಕಷ್ಟವೇನಲ್ಲ ಎಂಬುದಕ್ಕೆ ಉದಾಹರಣೆ ಹತ್ತಿರದಲ್ಲೇ ಇವೆ. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿ 2021ರ ಸೆಪ್ಟೆಂಬರಿನಲ್ಲಿ ‘ಬ್ಯಾಟ್ಸ್‌ಮನ್’ ಬಿಟ್ಟು ‘ಬ್ಯಾಟರ್’ ಎಂದಿತು. ಬೌಲರ್, ಫೀಲ್ಡರ್, ಕೀಪರ್ ಎಂಬ ಪದಗಳ ಸಾಲಿಗೆ ಅದು ಸಲೀಸಾಗಿ ಸೇರಿತು. ಕೇಂದ್ರ ಸರಕಾರದ ಆಸ್ಪತ್ರೆಗಳಲ್ಲಿ ‘ಸ್ಟಾಫ್ ನರ್ಸ್’ ಹುದ್ದೆ 2016ರಲ್ಲಿ ‘ನರ್ಸಿಂಗ್ ಆಫೀಸರ್’ ಆಯಿತು. ನಮ್ಮ ಕರಾವಳಿಯ ನರ್ಸಿಂಗ್ ಕಾಲೇಜುಗಳಲ್ಲಿ ಓದುವ ಹುಡುಗರಿಗೂ ಇದರಿಂದ ನೇರ ಲಾಭ ಇದೆ. ‘ಸಿಸ್ಟರ್’ ಎಂದು ಕರೆಯುವ ವೃತ್ತಿಗೆ ಹೊಕ್ಕ ಹುಡುಗ ‘ಮೇಲ್ ನರ್ಸ್’ ಎಂಬ ವಿಶೇಷಣ ಹೊತ್ತು ನಡೆಯಬೇಕಿತ್ತು. ಇದರ ತದ್ರೂಪ ‘ಲೇಡಿ ಡಾಕ್ಟರ್’. ವಿಶೇಷಣ ಯಾರಿಗೆ ಬೇಕಾಗುತ್ತದೋ ಅವರು ಆ ಕೆಲಸಕ್ಕೆ ಹೊರಗಿನವರು ಎಂದು ಪದವೇ ಸಾರುತ್ತದೆ.

ಹೆಸರು ಬದಲಿಸುವಾಗ ತಪ್ಪು ಆಗುವುದು ಇಲ್ಲಿ: ಗಂಡಸು ಇದ್ದಾಗ ‘ಚೇರ್‌ಮನ್’, ಹೆಂಗಸು ಬಂದಾಗ ಮಾತ್ರ ‘ಚೇರ್‌ಪರ್ಸನ್’. ಹೀಗೆ ಮಾಡಿದರೆ ‘ಪರ್ಸನ್’ ಎಂಬುದೇ ಹೆಣ್ಣಿನ ಗುರುತಾಗುತ್ತದೆ, ತಟಸ್ಥ ಪದದ ಉದ್ದೇಶ ಕೆಡುತ್ತದೆ. ಬದಲಿಸುವುದಾದರೆ ಬೈಲಾದಲ್ಲಿ, ಲೆಟರ್‌ಹೆಡ್‌ನಲ್ಲಿ, ಬಾಗಿಲಿನ ಫಲಕದಲ್ಲಿ ಒಂದೇ ಸಲ, ಯಾರು ಕುರ್ಚಿಯಲ್ಲಿದ್ದರೂ ಒಂದೇ ಪದ ಇರಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಇದಕ್ಕೆ ಚೊಕ್ಕ ದಾರಿ ಹಿಡಿಯಿತು. ಅದರ ಇಂಗ್ಲಿಷ್ ಪಠ್ಯದಲ್ಲೂ ‘ಚೇರ್‌ಮನ್’ ಹಾಕದೆ ‘ಅಧ್ಯಕ್ಷ’, ‘ಉಪಾಧ್ಯಕ್ಷ’ ಎಂಬ ನಮ್ಮ ಪದಗಳನ್ನೇ ಇಟ್ಟಿದೆ. ‘ಅಧ್ಯಕ್ಷರು’ ಎಂದ ಕೂಡಲೇ ಅದು ಎಲ್ಲರಿಗೂ ಹೊಂದುತ್ತದೆ.

ಜಾಹೀರಾತಿನ ಒಳಗಿನ ಮಾತಿಗೂ ಲಿಂಗ ಇರುತ್ತದೆ. 2011ರಲ್ಲಿ ಗೌಚರ್, ಫ್ರೀಸನ್ ಮತ್ತು ಕೇ ತೋರಿಸಿದ್ದು: ಗಂಡಸರೇ ಹೆಚ್ಚಿರುವ ಕ್ಷೇತ್ರಗಳ ಜಾಹೀರಾತಿನಲ್ಲಿ ‘ಡಾಮಿನೆಂಟ್’, ‘ಕಾಂಪಿಟಿಟಿವ್’, ‘ಲೀಡರ್’ ಥರದ ಪದ ಹೆಚ್ಚು, ಮತ್ತು ಅಂಥ ಜಾಹೀರಾತು ಓದಿದ ಹೆಂಗಸರಿಗೆ ಆ ಕೆಲಸ ರುಚಿಸುವುದು ಕಡಿಮೆ. ತಮಗೆ ಆ ಕೌಶಲ ಇಲ್ಲ ಎಂದು ಅವರು ಹಿಂದೆ ಸರಿಯಲಿಲ್ಲ. ಅಲ್ಲಿ ತಮಗೆ ಜಾಗ ಇಲ್ಲ ಎಂದು ಅನಿಸಿತು. ಆದ್ದರಿಂದ ಜಾಹೀರಾತು ಬರೆಯುವವರು ಗುಣವಾಚಕ ಬಿಟ್ಟು ಕೆಲಸ ಬರೆಯಿರಿ. ‘ಅಗ್ರೆಸಿವ್ ಸೇಲ್ಸ್‌ಮ್ಯಾನ್ ಬೇಕು’ ಎನ್ನುವ ಬದಲು ತಿಂಗಳಿಗೆ ಎಷ್ಟು ಅಂಗಡಿ ಭೇಟಿ, ಯಾವ ತಾಲೂಕು, ದ್ವಿಚಕ್ರ ವಾಹನದ ಲೈಸೆನ್ಸ್ ಬೇಕೇ, ಸಂಜೆ ಎಷ್ಟು ಗಂಟೆಗೆ ಕೆಲಸ ಮುಗಿಯುತ್ತದೆ ಎಂದು ಹಾಕಿ. ಅರ್ಜಿದಾರರಿಗೆ ಬೇಕಾದ ಮಾಹಿತಿಯೂ ಅದೇ.

ಶಿಫಾರಸು ಪತ್ರ

ಮಣಿಪಾಲ, ಸುರತ್ಕಲ್, ಮಂಗಳೂರಿನ ಕಾಲೇಜುಗಳಲ್ಲಿ ಪ್ರತಿ ವರ್ಷ ವಿದೇಶದ ಉನ್ನತ ಓದಿಗೆ ಶಿಫಾರಸು ಪತ್ರ ಬರೆಯುವ ಅಧ್ಯಾಪಕರು ಇಲ್ಲಿದ್ದೀರಿ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ನಿಮ್ಮ ಕೈಯ ಪದವೇ ಒಬ್ಬರ ಸೀಟು ತೀರ್ಮಾನಿಸುತ್ತದೆ.

2003ರಲ್ಲಿ ಟ್ರಿಕ್ಸ್ ಮತ್ತು ಪ್ಸೆಂಕಾ ಅಮೆರಿಕದ ಒಂದು ವೈದ್ಯಕೀಯ ಕಾಲೇಜಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿದರು. ಹೆಂಗಸರಿಗೆ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವು. ಗಂಡಸರ ಪತ್ರದಲ್ಲಿ ‘ಅವರ ಸಂಶೋಧನೆ’ ಎಂದಿದ್ದ ಜಾಗದಲ್ಲಿ ಹೆಂಗಸರ ಪತ್ರದಲ್ಲಿ ‘ಅವರ ಬೋಧನೆ’, ‘ಅವರ ತರಬೇತಿ’. ಶ್ರಮ ಸೂಚಿಸುವ ಪದ ಹೆಂಗಸರಿಗೆ ಹೆಚ್ಚು. ಸಂಶಯ ಹುಟ್ಟಿಸುವ ಒಗ್ಗರಣೆಯ ಮಾತೂ ಹೆಚ್ಚು: ಮೊದಲು ಸ್ವಲ್ಪ ಹಿಂಜರಿಕೆ ಇತ್ತು, ಈಗ ಪರವಾಗಿಲ್ಲ ಎಂಬ ಬಗೆಯದು. ಬರೆದವರಲ್ಲಿ ಕೆಡುಕು ಮಾಡುವ ಉದ್ದೇಶ ಇದ್ದಿರಲಾರದು. ಹೊಗಳುತ್ತಿದ್ದೇವೆ ಎಂದೇ ಅವರು ತಿಳಿದಿರಬೇಕು. ‘ಸಿನ್ಸಿಯರ್’, ‘ಹಾರ್ಡ್‌ವರ್ಕಿಂಗ್’, ‘ಸಾಫ್ಟ್‌ಸ್ಪೋಕನ್’, ‘ಹಂಬಲ್’, ‘ಆಲ್ವೇಸ್ ಸ್ಮೈಲಿಂಗ್’ ಎಂಬ ಪದಗಳು ನಮ್ಮಲ್ಲಿ ಹುಡುಗಿಯರ ಪತ್ರದಲ್ಲಿ ಸಲೀಸಾಗಿ ಬಂದುಬಿಡುತ್ತವೆ. ಪ್ರವೇಶ ಸಮಿತಿಯವರು ಅದನ್ನು ಓದುವುದು ಬೇರೆ ರೀತಿ: ಈ ವಿದ್ಯಾರ್ಥಿಗೆ ಪ್ರತಿಭೆ ಕಡಿಮೆ, ಶ್ರಮದಿಂದ ತುಂಬಿಸಿಕೊಂಡಿದ್ದಾರೆ ಎಂದು.

ಹೀಗೆ ಮಾಡಿ. ಪತ್ರ ಬರೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೆಸರಿನ ಜಾಗದಲ್ಲಿ ಹುಡುಗನ ಹೆಸರು ಹಾಕಿ, ‘ಶೀ’ ಇದ್ದಲ್ಲೆಲ್ಲ ‘ಹೀ’ ಹಾಕಿ ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಗೆರೆ ಎಳೆಯಿರಿ. ‘ಹೀ ಈಸ್ ಆಲ್ವೇಸ್ ಸ್ಮೈಲಿಂಗ್’ ಎಂದು ನೀವು ಬರೆಯುವುದಿಲ್ಲವಾದರೆ ಹುಡುಗಿಗೂ ಬೇಡ. ಆಮೇಲೆ ಉಳಿದ ಪ್ರತಿ ಗುಣವಾಚಕದ ಪಕ್ಕ ಪುರಾವೆ ಇದೆಯೇ ನೋಡಿ. ‘ಬುದ್ಧಿವಂತೆ’ ಎಂದಿದ್ದರೆ ಯಾವ ಪ್ರಾಜೆಕ್ಟು, ಅದರಲ್ಲಿ ಯಾವ ಭಾಗ ಅವಳದ್ದು, ಫಲಿತಾಂಶ ಏನು, ತರಗತಿಯಲ್ಲಿ ಎಷ್ಟನೇ ಸ್ಥಾನ. ಪುರಾವೆ ಇಲ್ಲದ ಗುಣವಾಚಕವನ್ನು ತೆಗೆದುಹಾಕಿ. ಮನೆಯ ಸಂಗತಿ, ಮದುವೆ, ಉಡುಪು ಇವು ಪತ್ರಕ್ಕೆ ಬರಬಾರದು. ಕೊನೆಗೆ ಕಳೆದ ವರ್ಷ ಅದೇ ಮಟ್ಟದ ಹುಡುಗನಿಗೆ ಬರೆದ ಪತ್ರದ ಪಕ್ಕ ಇಟ್ಟು ಉದ್ದ ಹೋಲಿಸಿ. ಒಂದು ಪುಟಕ್ಕೆ ಅರ್ಧ ಪುಟ ಎಂದಾದರೆ ಕಾರಣ ಕಂಡುಹಿಡಿಯದೆ ಸಹಿ ಹಾಕಬೇಡಿ.

ವೇದಿಕೆಯಲ್ಲಿ ಪರಿಚಯ ಮಾಡಿಕೊಡುವವರಿಗೂ ಒಂದು ಅಂಕಿ ಹೇಳಬೇಕು. ಮೇಯೋ ಕ್ಲಿನಿಕ್‌ನ ವೈದ್ಯಕೀಯ ಉಪನ್ಯಾಸಗಳ ದೃಶ್ಯಮುದ್ರಿಕೆಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸು ಗಂಡಸನ್ನು ಪರಿಚಯಿಸುವಾಗ ‘ಡಾಕ್ಟರ್’ ಎಂಬ ಬಿರುದು ಸೇರಿಸಿದ್ದು ಸುಮಾರು ಶೇ. 72, ಗಂಡಸು ಹೆಂಗಸನ್ನು ಪರಿಚಯಿಸುವಾಗ ಸುಮಾರು ಶೇ. 49. ಇಬ್ಬರೂ ಓದಿದ್ದು ಅದೇ ಪದವಿ. ಆಮಂತ್ರಣ ಪತ್ರಿಕೆಯ ಕರಡು ನೋಡುವಾಗ ಬಿರುದುಗಳನ್ನು ಸಾಲಾಗಿ ಬೆರಳಿಟ್ಟು ನೋಡಿದರೆ ಸಾಕು, ಒಬ್ಬರು ‘ಡಾ.’ ಆಗಿ ಇನ್ನೊಬ್ಬರು ‘ಶ್ರೀಮತಿ’ ಆಗಿ ಉಳಿದದ್ದು ಸಿಗುತ್ತದೆ.

ದೂರು, ಅರ್ಜಿ, ಕಾಲಂ

‘ಈವ್ ಟೀಸಿಂಗ್’ ಎಂಬುದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಪದ. ಬೈಬಲ್ಲಿನ ಈವ್ ಆದಮನಿಗೆ ಆಸೆ ಹುಟ್ಟಿಸಿದವಳು. ‘ಟೀಸ್’ ಎಂದರೆ ರೇಗಿಸುವುದು, ಚುಡಾಯಿಸುವುದು. ಬಸ್ಸಿನಲ್ಲಿ ಮೈಮೇಲೆ ಕೈಹಾಕುವ ಅಪರಾಧಕ್ಕೆ ಈ ಹೆಸರಿಟ್ಟರೆ ಹೆಣ್ಣು ಪ್ರಚೋದಿಸಿದವಳಾಗುತ್ತಾಳೆ, ಗಂಡು ತಮಾಷೆ ಮಾಡಿದವನಾಗುತ್ತಾನೆ. ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಹೊರತಂದ ಕೈಪಿಡಿ ಈ ಪದವನ್ನು ಬಿಟ್ಟು ಬೀದಿಯ ಲೈಂಗಿಕ ಕಿರುಕುಳ ಎಂದು ಹೇಳಲು ಸೂಚಿಸಿತು. ಅದೇ ಕೈಪಿಡಿ ‘ಕೆರಿಯರ್ ವುಮನ್’ ಬದಲು ‘ವುಮನ್’, ‘ಒಬೀಡಿಯೆಂಟ್ ವೈಫ್’ ಬದಲು ‘ವೈಫ್’, ‘ಅನ್‌ವೆಡ್ ಮದರ್’ ಬದಲು ‘ಮದರ್’ ಸಾಕು ಎನ್ನುತ್ತದೆ.

ಪದ ಬದಲಿಸುವುದಕ್ಕೆ ಇಲ್ಲಿ ಕಾನೂನಿನ ಕಾರಣವೂ ಇದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಈವ್ ಟೀಸಿಂಗ್’ ಎಂಬ ಅಪರಾಧವೇ ಇಲ್ಲ. ಲೈಂಗಿಕ ಕಿರುಕುಳಕ್ಕೆ 75ನೇ ಸೆಕ್ಷನ್, ಹಿಂಬಾಲಿಸಿ ಕಾಡುವುದಕ್ಕೆ 78, ಮಾತು ಅಥವಾ ಸನ್ನೆಯಿಂದ ಹೆಣ್ಣಿನ ಮಾನಕ್ಕೆ ಕುಂದು ತರುವುದಕ್ಕೆ 79. ಬಲಪ್ರಯೋಗ ಇದ್ದರೆ 74. ದೂರಿನಲ್ಲಿ ‘ಈವ್ ಟೀಸಿಂಗ್ ಆಯಿತು’ ಎಂದಷ್ಟೇ ಬರೆದರೆ ಇವುಗಳಲ್ಲಿ ಯಾವುದು ಎಂದು ಠಾಣೆಯವರು ಊಹಿಸಬೇಕು. ಊಹೆ ಸಾಮಾನ್ಯವಾಗಿ ಹಗುರವಾದದ್ದರ ಕಡೆಗೇ ವಾಲುತ್ತದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯಿರಿ: ತಾರೀಕು, ಗಂಟೆ, ಬಸ್ಸಿನ ರೂಟ್, ಯಾವ ಸ್ಟಾಪಿನಿಂದ ಯಾವ ಸ್ಟಾಪಿನ ನಡುವೆ, ಯಾವ ಕೈ ಎಲ್ಲಿ ತಾಗಿತು, ಎಷ್ಟು ಸಲ. ಮಾತಿನ ಕಿರುಕುಳವಾದರೆ ಆ ಮಾತನ್ನು ತುಳುವಿನಲ್ಲೋ ಕನ್ನಡದಲ್ಲೋ ಆಡಿದ ಹಾಗೆಯೇ ಬರೆಯಬೇಕು, ‘ಅಸಭ್ಯವಾಗಿ ಮಾತಾಡಿದ’ ಎಂದು ಮುಚ್ಚಬಾರದು. ನಾಚಿಕೆಯಾಗುತ್ತದೆ, ನಿಜ. ಆದರೆ ಮುಚ್ಚಿದ ಪದ ರಕ್ಷಿಸುವುದು ಆಡಿದವನನ್ನು.

ಇನ್ನು ‘ಹೌಸ್‌ವೈಫ್’. ಶಾಲೆಯ ಪ್ರವೇಶ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಾಲಂಗೆ ನಮ್ಮ ಜಿಲ್ಲೆಗಳಲ್ಲಿ ಅತಿ ಸುಲಭವಾಗಿ ಬೀಳುವ ಪದ ಇದು. ಆ ತಾಯಿ ಮನೆಯಲ್ಲಿ ಬೀಡಿ ಕಟ್ಟುವವಳಾಗಿರಬಹುದು: ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟಿ, ಸಾವಿರದ ಲೆಕ್ಕದಲ್ಲಿ ಬ್ರಾಂಚಿಗೆ ಕೊಟ್ಟು ಬರುವವಳು. ಮನೆಯಲ್ಲೇ ಬೀಡಿ ಕಟ್ಟುವವರೂ ನೌಕರರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿಕೊಂಡಿತ್ತು. ಕಾನೂನು ಕಾರ್ಮಿಕಳೆಂದ ಮೇಲೂ ಅರ್ಜಿ ಅವಳನ್ನು ‘ಹೌಸ್‌ವೈಫ್’ ಎನ್ನುತ್ತದೆ. ಕಾಲಂ ತುಂಬಿಸುವ ಶಿ‌ಕ್ಷಕರು ‘ಕೆಲಸಕ್ಕೆ ಹೋಗುತ್ತೀರಾ?’ ಎಂದು ಕೇಳಬೇಡಿ. ಉತ್ತರ ‘ಇಲ್ಲ, ಮನೆಯಲ್ಲೇ’ ಎಂದೇ ಬರುತ್ತದೆ. ‘ಏನೇನು ಕೆಲಸ ಮಾಡುತ್ತೀರಿ?’ ಎಂದು ಕೇಳಿ. ಬೀಡಿ, ಮಲ್ಲಿಗೆ ಕಟ್ಟುವುದು, ದನ ಸಾಕಿ ಡೈರಿಗೆ ಹಾಲು ಹಾಕುವುದು, ಹೊಲಿಗೆ, ಎಲ್ಲ ಹೊರಬರುತ್ತದೆ. ಸಂಬಳದ ಕೆಲಸ ಏನೂ ಇಲ್ಲದ ತಾಯಿಯ ದುಡಿಮೆಗೂ ಬೆಲೆ ಇದೆ. 2010ರಲ್ಲಿ ಅರುಣ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ, ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯ ಪರಿಹಾರವನ್ನು ಲೆಕ್ಕಹಾಕುವಾಗ ಸುಪ್ರೀಂ ಕೋರ್ಟು, ಜನಗಣತಿಯು ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ದುಡಿಯದವರೆಂದು ಸೇರಿಸಿದ್ದನ್ನು ಕಟುವಾಗಿ ಟೀಕಿಸಿತು.

‘ಮಿಸ್’, ‘ಮಿಸೆಸ್’ ಎರಡೂ ‘ಮಿಸ್ಟ್ರೆಸ್’ ಪದದ ಸಂಕ್ಷೇಪ. 18ನೇ ಶತಮಾನದವರೆಗೂ ‘ಮಿಸೆಸ್’ ಮದುವೆಯನ್ನು ಸೂಚಿಸುತ್ತಿರಲಿಲ್ಲ, ಅಂತಸ್ತನ್ನು ಸೂಚಿಸುತ್ತಿತ್ತು. ಮದುವೆಯ ಮಾಹಿತಿ ಬೇಡದ ‘ಮಿಸ್’ ಅಲ್ಲದ, ‘ಮಿಸೆಸ್’ ಅಲ್ಲದ ‘ಮ್ಸ್’ (Ms) ಎಂಬ ರೂಪವನ್ನು 1901ರಲ್ಲೇ ಅಮೆರಿಕದ ಪತ್ರಿಕೆಯೊಂದು ಸೂಚಿಸಿತ್ತು. ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಂಡದ್ದು 1986ರಲ್ಲಿ. ಅರ್ಜಿ ನಮೂನೆ ಮಾಡುವವರಿಗೆ ಸಲಹೆ ಇಷ್ಟೇ: ಗಂಡಸಿಗೆ ಒಂದೇ ಆಯ್ಕೆ ಇದ್ದರೆ ಹೆಂಗಸಿಗೂ ಒಂದೇ ಇರಲಿ. ಮದುವೆಯ ಮಾಹಿತಿ ನಿಜವಾಗಿ ಬೇಕಿದ್ದರೆ ಬೇರೆ ಕಾಲಂ ಮಾಡಿ ಇಬ್ಬರನ್ನೂ ಕೇಳಿ. ತಾಯಿಯ ಕಡೆಯಿಂದ ಬಳಿ, ಅಂದರೆ ಕುಲ, ಎಣಿಸುವ ಅಳಿಯಸಂತಾನದ ನಾಡು ಇದು. ಮದುವೆಯಾದರೂ ಹೆಣ್ಣಿನ ಬಳಿ ಬದಲಾಗದ ಮನೆತನದವರಿಗೆ ‘ಮೇಡನ್ ನೇಮ್’ ಎಂಬ ಕಾಲಂ ಹೊಂದುವುದೇ ಇಲ್ಲ. ತುಳುವಿನಲ್ಲಿ ತಾಯಿ ‘ಅಪ್ಪೆ’, ತಂದೆ ‘ಅಮ್ಮೆ’. ‘ಅಪ್ಪೆ ಅಮ್ಮೆ’ ಎಂದು ತಾಯಿಯನ್ನೇ ಮೊದಲು ಹೇಳುವ ರೂಢಿಯನ್ನೂ ನೆನಪಿಡಬಹುದು.

ಕನ್ನಡಕ್ಕೆ ತರುವಾಗ

ಇಂಗ್ಲಿಷ್ ಸುತ್ತೋಲೆಯ ‘ಎ ಸ್ಟೂಡೆಂಟ್ ಶುಡ್ ಸಬ್ಮಿಟ್ ಹಿಸ್ ಫಾರ್ಮ್’ ಎಂಬುದನ್ನು ‘ವಿದ್ಯಾರ್ಥಿಯು ಅವನ ಅರ್ಜಿಯನ್ನು’ ಎಂದು ಕನ್ನಡಿಸುವುದು, ತಿದ್ದಲು ಹೋಗಿ ‘ಅವನ/ಅವಳ’ ಎಂದು ಗೆರೆ ಹಾಕುವುದು, ಎರಡೂ ಬೇಕಿಲ್ಲ. ಕನ್ನಡದಲ್ಲಿ ‘ತನ್ನ’, ‘ತಮ್ಮ’ ಎಂಬ ಲಿಂಗವಿಲ್ಲದ ಪದಗಳು ಮೊದಲಿನಿಂದಲೂ ಇವೆ. ‘ವಿದ್ಯಾರ್ಥಿಗಳು ತಮ್ಮ ಅರ್ಜಿಯನ್ನು ಸಲ್ಲಿಸಬೇಕು’ ಎಂದರೆ ಮುಗಿಯಿತು. ‘ಅವರು’ ಎಂಬ ಗೌರವದ ಬಹುವಚನ, ತುಳುವಿನ ‘ಆರ್’, ಇವು ಇಂಗ್ಲಿಷ್ ಶತಮಾನಗಳಿಂದ ಹುಡುಕುತ್ತಿರುವ ಪದಗಳೇ.

ಆದರೆ ಕನ್ನಡ ನಿರ್ದೋಷಿಯಲ್ಲ. ನಮ್ಮಲ್ಲಿ ತಾರತಮ್ಯ ಕೂತಿರುವುದು ಕ್ರಿಯಾಪದದ ಕೊನೆಯಲ್ಲಿ. ‘ಡಾಕ್ಟರು ಬಂದರು, ನರ್ಸ್ ಬಂದಳು, ಆಯಾ ಬಂದಳು’ ಎಂಬ ವಾಕ್ಯ ಓದಿ. ಡಾಕ್ಟರಿಗೆ ಸಿಕ್ಕ ‘ರು’ ನರ್ಸಿಗೆ ಸಿಗಲಿಲ್ಲ. ಇಂಗ್ಲಿಷಿನ ‘ಕೇಮ್’ ಎಂಬ ಕ್ರಿಯಾಪದದಲ್ಲಿ ಲಿಂಗವೂ ಇಲ್ಲ, ಗೌರವವೂ ಇಲ್ಲ. ಅದನ್ನು ಕನ್ನಡಕ್ಕೆ ತರುವಾಗ ಎರಡನ್ನೂ ಸೇರಿಸುವವರು ನಾವು. ಪತ್ರಿಕೆಯ ಡೆಸ್ಕಿನಲ್ಲಿರುವವರು ಒಂದು ದಿನದ ಪುಟದಲ್ಲಿ ‘ಳು’ ಎಂದು ಮುಗಿಯುವ ಕ್ರಿಯಾಪದಗಳಿಗೆ ಗುರುತು ಹಾಕಿ, ಆ ಜಾಗದಲ್ಲಿ ಗಂಡಸು ಇದ್ದಿದ್ದರೆ ‘ನು’ ಬರುತ್ತಿತ್ತೋ ‘ರು’ ಬರುತ್ತಿತ್ತೋ ನೋಡಲಿ. ಹವ್ಯಕ ಕನ್ನಡದಲ್ಲಿ ಹೆಣ್ಣಿಗೆ ನಪುಂಸಕಲಿಂಗದ ಕ್ರಿಯಾಪದ ಹಚ್ಚುವುದು ಆ ಉಪಭಾಷೆಯ ವ್ಯಾಕರಣ. ಅದನ್ನು ಅಗೌರವ ಎಂದು ಹೊರಗಿನವರು ಓದಬಾರದು.

ಯಂತ್ರಾನುವಾದದಲ್ಲಿ ಇದೇ ತೊಡಕು ದೊಡ್ಡದಾಗುತ್ತದೆ. 2016ರಲ್ಲಿ ಬೊಲುಕ್‌ಬಾಸಿ ಮತ್ತು ಸಂಗಡಿಗರು ಗೂಗಲ್ ನ್ಯೂಸ್ ಬರಹಗಳಿಂದ ಕಲಿತ ಯಂತ್ರಮಾದರಿಯೊಂದನ್ನು ಪರೀಕ್ಷಿಸಿದಾಗ, ಗಂಡಿಗೆ ಪ್ರೋಗ್ರಾಮರ್ ಹೇಗೋ ಹೆಣ್ಣಿಗೆ ಗೃಹಿಣಿ ಹಾಗೆ ಎಂಬ ಸಮೀಕರಣ ಹೊರಬಂತು. ಯಂತ್ರ ಅದನ್ನು ಕಲಿತದ್ದು ನಮ್ಮ ಬರಹಗಳಿಂದ. ಸರ್ವನಾಮಕ್ಕೆ ಲಿಂಗವಿಲ್ಲದ ಟರ್ಕಿ ಭಾಷೆಯಿಂದ ಇಂಗ್ಲಿಷಿಗೆ ಬರುವಾಗ ಡಾಕ್ಟರ್ ‘ಹೀ’, ನರ್ಸ್ ‘ಶೀ’ ಆಗುತ್ತಿದ್ದದ್ದನ್ನು ಗಮನಿಸಿ, ಗೂಗಲ್ 2018ರ ಡಿಸೆಂಬರಿನಲ್ಲಿ ಕೆಲವು ಭಾಷೆಗಳಿಗೆ ಎರಡೂ ರೂಪ ತೋರಿಸತೊಡಗಿತು. ಕನ್ನಡದ ‘ಅವರು’ ಇರುವ ವಾಕ್ಯವನ್ನು ಇಂಗ್ಲಿಷಿಗೆ ಕೊಟ್ಟಾಗ ಯಂತ್ರ ಯಾವ ಸರ್ವನಾಮ ಹಾಕಿತು ಎಂದು ಪ್ರತಿ ಸಲ ನೋಡಿ, ಮುಖ್ಯವಾಗಿ ವೈದ್ಯಕೀಯ ವರದಿ, ಆಸ್ತಿ ಪತ್ರಗಳಲ್ಲಿ.

ಸಭೆಯ ಪ್ರಶ್ನೆಗಳು

ಪದ ಬದಲಿಸಿದರೆ ಬದುಕು ಬದಲಾಗುತ್ತದೆಯೇ ಎಂಬ ಪ್ರಶ್ನೆ ಬಂತು. ಪದದಿಂದಲೇ ಎಲ್ಲ ಆಗುವುದಿಲ್ಲ. ಟರ್ಕಿ, ಫಾರ್ಸಿ ಭಾಷೆಗಳ ಸರ್ವನಾಮಕ್ಕೆ ಲಿಂಗವೇ ಇಲ್ಲ, ಅಲ್ಲಿ ಸಮಾನತೆ ತಾನಾಗಿ ಬರಲಿಲ್ಲ. ಆದರೆ ಲೈನ್‌ಮ್ಯಾನ್ ಕೆಲಸಕ್ಕೆ ಆಸಕ್ತಿ ತೋರುವ ಹುಡುಗಿಯರು ಶೇ. 5ರಿಂದ 25ಕ್ಕೆ ಏರುವುದಾದರೆ ಅದು ಪದ ಮಾಡುವ ಕೆಲಸ, ಖರ್ಚಿಲ್ಲದ್ದು. ಅದನ್ನು ಬಿಡುವುದಕ್ಕೆ ಕಾರಣ ಇಲ್ಲ.

ಹಾಗಾದರೆ ಎಲ್ಲವನ್ನೂ ತಟಸ್ಥ ಮಾಡಬೇಕೇ? ಬೇಡ. ಗಂಡ ಹೆಂಡತಿಗೆ ಹೊಡೆದದ್ದನ್ನು ‘ದಂಪತಿ ಜಗಳ’ ಎಂದು ಬರೆಯುವುದೂ ತಟಸ್ಥ ಭಾಷೆಯೇ, ಅದು ಹೊಡೆದವನನ್ನು ಮರೆಮಾಡುತ್ತದೆ. ಮೀನುಗಾರಿಕೆಯ ವರದಿಯಲ್ಲಿ ‘ಫಿಶರ್‌ಫೋಕ್’ ಎಂಬ ಪದ ಒಟ್ಟು ಸಮುದಾಯಕ್ಕೆ ಸರಿ. ಮಾರುಕಟ್ಟೆಯ ಕಟ್ಟೆ, ಶೌಚಾಲಯ, ಐಸ್‌ಬಾಕ್ಸಿನ ಸಬ್ಸಿಡಿಯ ಮಾತು ಬಂದಾಗ ‘ಮೀನು ಮಾರುವ ಮಹಿಳೆಯರು’ ಎಂದು ಬಿಡಿಸಿಯೇ ಬರೆಯಬೇಕು. ಲಿಂಗ ಆ ವಿಷಯಕ್ಕೆ ಸಂಬಂಧಪಟ್ಟಿದ್ದರೆ ಹೇಳಿ, ಇಲ್ಲದಿದ್ದರೆ ಬಿಡಿ.

ಕೊನೆಯ ಪ್ರಶ್ನೆ ಹೈಸ್ಕೂಲು ಶಿಕ್ಷಕರೊಬ್ಬರದು: ವಿದ್ಯಾರ್ಥಿ ಏಕವಚನದ ನಾಮಪದಕ್ಕೆ ‘ದೇರ್’ ಬರೆದರೆ ಅಂಕ ಕಳೆಯಬೇಕೇ? ಇಂಗ್ಲಿಷಿನಲ್ಲಿ ಈ ಬಳಕೆ 14ನೇ ಶತಮಾನದಿಂದ ಇದೆ. 18ನೇ ಶತಮಾನದ ವ್ಯಾಕರಣಕಾರರು ‘ಹೀ’ ಸರಿ ಎಂದು ವಿಧಿಸಿದ್ದು ಆಮೇಲಿನ ಸಂಗತಿ. ಸಂಶೋಧನಾ ಬರವಣಿಗೆಯಲ್ಲಿ ವ್ಯಾಪಕವಾಗಿ ಬಳಸುವ ಎಪಿಎ ಕೈಪಿಡಿಯ 2019ರ ಏಳನೇ ಆವೃತ್ತಿ ಏಕವಚನದ ‘ದೇ’ಯನ್ನು ಸ್ಪಷ್ಟವಾಗಿ ಒಪ್ಪಿದೆ. ಆದ್ದರಿಂದ ಅಂಕ ಕಳೆಯಬೇಡಿ. ಆದರೆ ಮೌಲ್ಯಮಾಪಕರು ಬೇರೆಯವರಾದಾಗ ಮಗು ಅಂಕ ಕಳೆದುಕೊಳ್ಳಬಾರದಲ್ಲ. ಅದಕ್ಕೆ ವಾಕ್ಯವನ್ನೇ ಬಹುವಚನದಿಂದ ಶುರು ಮಾಡುವುದನ್ನು ಕಲಿಸಿ. ‘ಎವ್ರಿ ಸ್ಟೂಡೆಂಟ್’ ಬದಲು ‘ಆಲ್ ಸ್ಟೂಡೆಂಟ್ಸ್’ ಎಂದು ಹೊರಟರೆ ‘ದೇರ್’ ಯಾವ ವ್ಯಾಕರಣದ ಪ್ರಕಾರವೂ ತಪ್ಪಾಗುವುದಿಲ್ಲ. ಅದು ಆಗದ ಕಡೆ ಸರ್ವನಾಮವನ್ನೇ ಬಿಟ್ಟು, ‘ಹಿಸ್ ಹಾಲ್ ಟಿಕೆಟ್’ ಎನ್ನುವ ಬದಲು ‘ದ ಹಾಲ್ ಟಿಕೆಟ್’ ಎಂದು ಬರೆದರೂ ಆಗುತ್ತದೆ. ಎಂಟನೇ ತರಗತಿಯಲ್ಲೇ ಐದಾರು ವಾಕ್ಯ ಕೊಟ್ಟು ಈ ಎರಡು ಬಗೆಯಲ್ಲಿ ತಿದ್ದಿಸಿದರೆ ಹತ್ತನೇ ತರಗತಿಗೆ ಬರುವಾಗ ಕೈಗೆ ರೂಢಿಯಾಗಿರುತ್ತದೆ.